ಮೂಲೆ ಕಪಾಟಿನ ಎಡಗಾಲುಗಳು

ಜೂನ್ 3, ಸೋಮವಾರ

ಮೊದಲ ದಿನವೇ ಬಸ್ಸು ಕಣ್ಣೆದುರಿಗೆ ಹೊರಟಿತು. ಎದ್ದೆನೋ ಬಿದ್ದೆನೋ ಎಂದು ಓಡಿ ಮುಂದಿನ ಸಿಗ್ನಲ್ಲಿನಲ್ಲಿ ಹಿಡಿದು ಹತ್ತಿದೆ. ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರಾ ಎಂದು ಕಂಡಕ್ಟರ್ ಕೇಳಿದ. ನಗುವಷ್ಟು ಉಸಿರಿರಲಿಲ್ಲ.

ಈ ಬರವಣಿಗೆ ಅಕ್ಕನ ಸಲಹೆ. ನಾನು ಹೆದರಿದ್ದನ್ನೆಲ್ಲ ತಂದು ಅವಳ ಕಿವಿಗೆ ಸುರಿಯುತ್ತೇನಂತೆ. “ಬರ್ದಿಡೇ, ಪುಸ್ತಕಕ್ಕೆ ಕಿವಿ ನೋಯಲ್ಲ” ಎಂದಳು. ಬರೆಯಲು ಬರುತ್ತದೆ, ಅಷ್ಟು ಸಾಕು. ಎಂಟನೇ ತರಗತಿಗೆ ಶಾಲೆ ಬಿಟ್ಟೆ. ಅಮ್ಮ ಹಾಸಿಗೆ ಹಿಡಿದಿದ್ದಳು, ಅಕ್ಕನ ಮದುವೆಯಾಗಿ ಹೋಗಿತ್ತು, ಮನೆ ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಆಮೇಲೆ ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಿದೆ, ಅರ್ಧ ಪಾಸು, ಅರ್ಧ ಹಾಗೇ ಉಳಿಯಿತು.

ಕೆಲಸ ಕೃತಕ ಕಾಲು ಮಾಡಿಕೊಡುವ ಕೇಂದ್ರದಲ್ಲಿ. ಕೆಳಗೆ ವರ್ಕ್‌ಶಾಪು, ಮೇಲೆ ಆಫೀಸು, ಆಫೀಸಿನ ಹಿಂದೆ ಅಚ್ಚುಗಳ ಕೋಣೆ. ಕಾಲು ಕಳೆದುಕೊಂಡವರು ಬಂದರೆ, ಉಳಿದಿರುವ ಭಾಗಕ್ಕೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತುತ್ತಾರೆ. ಅದು ಗಟ್ಟಿಯಾದ ಮೇಲೆ ಕಳಚಿ, ಆ ಪೊಳ್ಳಿಗೆ ಪ್ಲಾಸ್ಟರ್ ಹುಯ್ದರೆ ಅಚ್ಚು. ಅಚ್ಚಿನ ಮೇಲೆ ಹೊಸ ಕಾಲು ತಯಾರಾಗುತ್ತದೆ. ಕೋಣೆಯ ತುಂಬ ಆ ಅಚ್ಚುಗಳೇ. ಮಂಡಿ, ಅದರ ಕೆಳಗೆ ಒಂದು ಗೇಣು, ಆಮೇಲೆ ದುಂಡಗೆ ಮುಗಿದುಹೋಗುತ್ತದೆ. ಬಾಗಿಲು ತೆಗೆದಾಗ, ಒಳಗೆ ಜನ ಮಾತು ನಿಲ್ಲಿಸಿ ನನ್ನ ಕಡೆ ತಿರುಗಿದ ಹಾಗಾಯಿತು. ಕಾಲಿಗೆ ಬುದ್ಧಿ ಹೇಳೋಣ ಅನ್ನಿಸಿತು.

ಕೇಂದ್ರ ನೋಡಿಕೊಳ್ಳುವ ಮೇಡಂ ಒಂದೇ ಮಾತು ಹೇಳಿದರು. ಜುಲೈ ಎರಡನೇ ವಾರ, ಕೇಂದ್ರಕ್ಕೆ ದುಡ್ಡು ಕೊಡುವ ಟ್ರಸ್ಟಿನವರು ಬರುತ್ತಾರೆ. ಅಷ್ಟರೊಳಗೆ ಜನ, ಅಚ್ಚು ಎಲ್ಲ ಕಂಪ್ಯೂಟರಿನಲ್ಲಿ ಸೇರಿರಬೇಕು. ಸೇರಿದರೆ ಕೆಲಸ ಕಾಯಂ. ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತಾರೆ.

ಕಾಯಂ ಆದರೆ ಒಂದು ಕೋಣೆ ಬಾಡಿಗೆಗೆ ಹಿಡಿಯಬಹುದು. ನನ್ನದೇ ಬೀಗ, ನನ್ನದೇ ಬೀಗದಕೈ. ಅಕ್ಕನ ಮನೆಯ ನಡುಮನೆಯಲ್ಲಿ, ಭಾವ ಟಿವಿ ಆರಿಸುವ ತನಕ ಹಾಸಿಗೆ ಹಾಸದೆ ಕಾಯುವುದು ಇನ್ನು ಸಾಕು.

ಜೂನ್ 4, ಮಂಗಳವಾರ

ಕಲಿಸುವವರು ಮಂಗಳವಾರ ಮಾತ್ರ ಬರುತ್ತಾರೆ. ಎಲ್ಲರೂ ಕಂಪ್ಯೂಟರ್ ಸರ್ ಎನ್ನುತ್ತಾರೆ. ನನಗಿಂತ ಚಿಕ್ಕವರು. “ಮೇಡಂ, ಮೌಸ್ ಹಿಡ್ಕೊಳ್ಳಿ” ಎಂದಾಗ ಮೇಡಂ ಬಂದರೆಂದು ಎದ್ದು ನಿಂತೆ. ಕರೆದದ್ದು ನನ್ನನ್ನು.

ಒಬ್ಬ ಮನುಷ್ಯನಿಗೆ ಒಂದು ಸಾಲು. ಆ ಸಾಲಿಗೆ ಒಂದು ನಂಬರು, ಅದನ್ನು ಕಂಪ್ಯೂಟರೇ ಕೊಡುತ್ತದೆ. ಅಂಥ ಸಾಲುಗಳ ಗುಂಪಿಗೆ ಟೇಬಲ್ ಎಂದು ಹೆಸರು. ಒಬ್ಬರಿಗೆ ಕೊಟ್ಟ ನಂಬರನ್ನು, ಅವರು ಸತ್ತರೂ, ಇನ್ನೊಬ್ಬರಿಗೆ ಕೊಡುವುದಿಲ್ಲವಂತೆ. ಯಾಕೆ ಎಂದು ಕೇಳಿದೆ. “ಹಳಬರ ಅಚ್ಚೆಲ್ಲ ಹೊಸಬರಿಗೆ ಅಂಟಿಕೊಳ್ಳುತ್ತೆ” ಎಂದರು. ಇಷ್ಟು ಹೊತ್ತಿಗೇ ಅಂಗೈ ಬೆವರಿ ಮೌಸು ಜಾರುತ್ತಿತ್ತು.

ಮನೆಯಲ್ಲಿ ಭಾವ, “ನಿನ್ನ ತಂಗಿ ಕಂಪ್ಯೂಟರ್ ಅಂದ್ರೆ ಇಸ್ತ್ರಿಪೆಟ್ಟಿಗೆ ಅಂದ್ಕೊಂಡಿದಾಳೆ, ಮುಟ್ಟಿದ್ರೆ ಸುಡುತ್ತೆ ಅಂತ” ಎಂದು ಅಕ್ಕನಿಗೆ ಹೇಳಿ ನಕ್ಕರು. ನಾನೂ ನಕ್ಕೆ. ಸುಳ್ಳಲ್ಲವಲ್ಲ.

ಜೂನ್ 11, ಮಂಗಳವಾರ

ವಾರವೆಲ್ಲ ಜನರ ಹೆಸರು ತುಂಬಿಸಿದೆ. ಸೇವ್ ಮಾಡಿದ್ದೇನೋ ಇಲ್ಲವೋ ಎಂದು ಅನುಮಾನ. ಬಸ್‌ಸ್ಟಾಪಿನವರೆಗೆ ಹೋಗಿ ಓಡಿ ವಾಪಸ್ ಬಂದು ನೋಡಿದೆ. ಆಗಿತ್ತು. ಅರ್ಧ ದಾರಿಯಲ್ಲಿ ಮತ್ತೆ ಅನುಮಾನ. ಮೆಟ್ಟಿಲನ್ನು ಎರಡೆರಡು ಹಾರಿ ಹತ್ತುವುದನ್ನು ಕಂಡು, “ನಿನಗಂತೂ ಇಲ್ಲಿಯ ಗಿರಾಕಿ ಆಗೋ ಯೋಗ ಇಲ್ಲ ಕಣಮ್ಮ” ಎಂದು ಮೇಸ್ತ್ರಿ ಕೆಳಗಿನಿಂದ ತಮಾಷೆ ಮಾಡಿದರು. ಅಚ್ಚು ಮಾಡುವವರು ಅವರೇ. ಮೈಯೆಲ್ಲ ಪ್ಲಾಸ್ಟರ್ ಪುಡಿ, ಹುಬ್ಬೂ ಬಿಳಿ.

ಸರ್ ಇವತ್ತು ಇನ್ನೊಂದು ಟೇಬಲ್ ಮಾಡಿಸಿದರು, ಅಚ್ಚುಗಳದ್ದು. ಆಮೇಲೆ ಜನರ ಟೇಬಲಿನಿಂದ ಅಚ್ಚಿನ ಟೇಬಲಿಗೆ ಒಂದು ಗೆರೆ ಎಳೆಸಿದರು. ಒಬ್ಬರಿಗೆ ಎಷ್ಟು ಅಚ್ಚಾದರೂ ಇರಬಹುದು, ಒಂದು ಅಚ್ಚಿಗೆ ಮಾತ್ರ ಒಬ್ಬರೇ. ಗೆರೆ ಎಳೆಯುವಾಗ ಮೌಸು ಎರಡು ಸಲ ಜಾರಿತು. ಆದರೂ, ನಿಜ ಹೇಳಬೇಕೆಂದರೆ, ಹೆಸರಿನ ಮೇಲೆ ಒತ್ತಿದ ಕೂಡಲೆ ಕೆಳಗೆ ಅವರವರ ಅಚ್ಚುಗಳು ಸಾಲಾಗಿ ಬಂದು ನಿಂತಾಗ ಸಂತೋಷವಾಯಿತು.

ಜೂನ್ 14, ಶುಕ್ರವಾರ

ಮೂಲೆ ಕಪಾಟಿನ ಅಚ್ಚುಗಳಿಗೆ ನಂಬರಿಲ್ಲ. ಮಿಕ್ಕವುಗಳ ನೆತ್ತಿಯಲ್ಲಿ ಹಸಿ ಇರುವಾಗಲೇ ಮೊಳೆಯಿಂದ ಕಾಲಿನವರ ರಿಜಿಸ್ಟರ್ ನಂಬರು, ತಿಂಗಳು, ವರ್ಷ ಕೊರೆದಿದೆ. ಇವುಗಳಲ್ಲಿ ತಿಂಗಳು, ವರ್ಷ ಮಾತ್ರ. ಎಲ್ಲವೂ ಎಡಗಾಲು.

ಯಾರದು ಎಂದು ಮೇಸ್ತ್ರಿಯನ್ನು ಕೇಳಿದೆ. ಕೊರೆದ ಅಕ್ಷರ ತಮ್ಮದೇ, ಆದರೆ ಮುಖ ನೆನಪಿಗೆ ಬರುತ್ತಿಲ್ಲ ಎಂದರು. ಹೇಳುವಾಗ ಅವರೇ ಸ್ವಲ್ಪ ಕಂಗೆಟ್ಟಂತೆ ಕಂಡಿತು. ಮಾಲೀಕರಿಲ್ಲದ್ದನ್ನು ಒಡೆದು ಜಾಗ ಮಾಡಿ ಎಂದು ಮೇಡಂ ಹೇಳಿದ್ದಾರೆ. ಮೇಸ್ತ್ರಿಗೆ ಅದು ಬಿಲ್ಕುಲ್ ಆಗದು. ಇಲ್ಲಿಯ ಪದ್ಧತಿಯೇ ಹಾಗಂತೆ. ಕಾಲಿನವರು ಬಂದು ಸಾಕು ಎನ್ನದೆ ಒಂದು ಅಚ್ಚನ್ನೂ ಒಡೆಯುವುದಿಲ್ಲ.

“ಯಾರೋ ಬರ್ತಾರೆ ಕಣಮ್ಮ. ಅಚ್ಚು ಇದೆ ಅಂದ್ಮೇಲೆ ಕಾಲಿನವರು ಎಲ್ಲೋ ಇರ್ಲೇಬೇಕಲ್ಲ.”

ಜೂನ್ 18, ಮಂಗಳವಾರ

ಇವತ್ತು ಹೊಸ ಪಾಠ. ಎರಡು ಟೇಬಲ್ ನಡುವಿನ ಗೆರೆಯ ಮೇಲೆ ಒತ್ತಿದರೆ ಒಂದು ಚಿಕ್ಕ ಚೌಕ ಬರುತ್ತದೆ. ಅದರಲ್ಲಿ ಗುರುತು ಹಾಕಿದರೆ, ಮಾಲೀಕರಿಲ್ಲದ ಅಚ್ಚನ್ನು ಕಂಪ್ಯೂಟರ್ ಒಳಗೇ ಬಿಡುವುದಿಲ್ಲ. ಸರ್ ಗುರುತು ಹಾಕಿಸಿದರು. ಮೂಲೆ ಕಪಾಟಿನ ಮೊದಲ ಅಚ್ಚನ್ನು ಸೇರಿಸಲು ಹೋದೆ. ಟಣ್ ಎಂದಿತು. ಇನ್ನೊಂದು. ಮತ್ತೆ ಟಣ್.

ಅವುಗಳಿಗೆಲ್ಲ ಒಬ್ಬ ಮನುಷ್ಯನನ್ನು ಹುಟ್ಟಿಸಿ, ಆಮೇಲೆ ನಿಜವಾದವರು ಸಿಕ್ಕರೆ ಬದಲಾಯಿಸಿದರಾಯಿತು ಎಂದು ಹೇಳಿ ಸರ್ ಹೊರಟರು. ಹೋಗುವ ಮುಂಚೆ ಇವತ್ತಿನವರೆಗಿನದಕ್ಕೆ ಒಂದು ನಕಲು ತೆಗೆದಿಟ್ಟರು. ಅದಕ್ಕೆ ಬ್ಯಾಕಪ್ ಎನ್ನುತ್ತಾರೆ.

ಜೂನ್ 20, ಗುರುವಾರ

ಮನುಷ್ಯನನ್ನು ಹುಟ್ಟಿಸುವುದು ಸರ್ ಹೇಳಿದಷ್ಟು ಸುಲಭವಲ್ಲ. ಹೆಸರು, ಹುಟ್ಟಿದ ದಿನ, ವಿಳಾಸ, ಫೋನು, ಯಾವುದನ್ನೂ ಖಾಲಿ ಬಿಡುವಂತಿಲ್ಲ. ಸುಮ್ಮನೆ ಒಂದು ಫೋನ್ ನಂಬರು ಬರೆದರೆ ಅದು ಯಾರದೋ ಆಗಿದ್ದರೆ? ಇಲ್ಲದ ವಿಳಾಸ ಬರೆದು, ಆ ಮನೆ ಇದ್ದು, ಅವರು ಬಂದು ಜಗಳಕ್ಕೆ ನಿಂತರೆ? ಹೆಸರು ಬರೆದೆ, ಅಳಿಸಿದೆ. ಅಪರಿಚಿತರ ತಲೆಗೆ ಇಷ್ಟೊಂದು ಕಾಲು ಕಟ್ಟಲು ಮನಸ್ಸಾಗಲಿಲ್ಲ.

ಕೊನೆಗೆ ನನ್ನ ಹೆಸರೇ ಹಾಕಿದೆ. ನನ್ನ ಹುಟ್ಟಿದ ದಿನ, ಅಕ್ಕನ ಮನೆಯ ವಿಳಾಸ, ನನ್ನ ಫೋನು. ನನ್ನ ಮೇಲೆ ನಾನೇ ದೂರು ಕೊಡುವುದಿಲ್ಲವಲ್ಲ. ಯಾವ ಕಾಲು ಎಂಬಲ್ಲಿ ಎಡ ಎಂದು ಒತ್ತಿದೆ. ಕಂಪ್ಯೂಟರ್ ನಂಬರು ಕೊಟ್ಟಿತು. ಆಮೇಲೆ ಮೂಲೆ ಕಪಾಟಿನ ಅಚ್ಚುಗಳೆಲ್ಲ ಒಂದೂ ತಕರಾರಿಲ್ಲದೆ ಒಳಗೆ ಹೋದವು.

ಎಲ್ಲಕ್ಕಿಂತ ಹಳೆಯ ಅಚ್ಚು ಮಕ್ಕಳದ್ದು. ಅದರ ಮೇಲಿರುವುದು ನಾನು ಶಾಲೆ ಬಿಟ್ಟ ವರ್ಷ.

ಜೂನ್ 25, ಮಂಗಳವಾರ

ಕ್ವೆರಿ ಕಲಿತೆ. ಕ್ವೆರಿ ಎಂದರೆ ಕಂಪ್ಯೂಟರಿಗೆ ಕೇಳುವ ಪ್ರಶ್ನೆ. ಎರಡು ವರ್ಷದಿಂದ ತಪಾಸಣೆಗೆ ಬಾರದವರು ಯಾರು ಎಂದು ಕೇಳಿದರೆ ಹೆಸರುಗಳನ್ನು ಒಪ್ಪಿಸುತ್ತದೆ. ಅವರಿಗೆಲ್ಲ ಕಾರ್ಡು ಅಚ್ಚಾಗಿ ಅಂಚೆಗೆ ಹೋಗುತ್ತದೆ. ಮೇಡಂ ಹಿಂದೆ ನಿಂತು ನೋಡಿ, ಪರವಾಗಿಲ್ಲವೇ, ಬೇಗ ಹಿಡಿದುಕೊಂಡೆ ಎಂದರು. ಇಂಥ ಮಾತನ್ನು ನನಗೆ ಯಾರೂ ಹೇಳಿದ್ದಿಲ್ಲ.

ಎದ್ದಾಗ ಎಡಗಾಲು ಜೋಮು ಹಿಡಿದಿತ್ತು. ಕುರ್ಚಿ ಎತ್ತರವಿರಬೇಕು.

ಜೂನ್ 28, ಶುಕ್ರವಾರ

ಕಾರ್ಡು ಅಕ್ಕನ ಮನೆಗೇ ಬಂತು. ನನ್ನ ಹೆಸರಿಗೆ. “ತಾವು ಧರಿಸುತ್ತಿರುವ ಕೃತಕ ಕಾಲಿನ ತಪಾಸಣೆಯ ಅವಧಿ ಮೀರಿದೆ.” ಎರಡು ವರ್ಷದ ಕ್ವೆರಿಯಲ್ಲಿ ನನ್ನ ಸಾಲೂ ಸಿಕ್ಕಿಬಿದ್ದಿದೆ, ಅಷ್ಟೆ. ಹಾಗೆಂದು ಅಕ್ಕನಿಗೆ ವಿವರಿಸೋಣವೆಂದರೆ, ಅವಳು ಕಾರ್ಡನ್ನು ಓದಿ ಗೋಡೆಯ ಕ್ಯಾಲೆಂಡರಿಗೆ ಸಿಕ್ಕಿಸಿದಳು. ನಗಲೂ ಇಲ್ಲ, ಏನಿದು ಎಂದು ಕೇಳಲೂ ಇಲ್ಲ.

“ಅಕ್ಕಾ, ಅದು ತಪ್ಪಾಗಿ ಬಂದಿರೋದು” ಎಂದೆ.

“ಹೋಗಿ ತೋರಿಸ್ಕೊಂಡು ಬಾ. ನೀನು ಯಾವಾಗ್ಲೂ ಮುಂದಕ್ಕೆ ಹಾಕೋದೇ ಆಯ್ತು.”

ಒಲೆಯ ಮೇಲಿನ ಹಾಲು ಉಕ್ಕಿತೆಂದು ಒಳಗೆ ಓಡಿದಳು. ನಾನು ಮತ್ತೆ ಕೇಳಲಿಲ್ಲ. ಕೇಳಿದರೆ ಏನು ಹೇಳುತ್ತಾಳೋ ಎಂದು ಭಯವಾಯಿತು.

ಜುಲೈ 2, ಮಂಗಳವಾರ

ಸರ್‌ಗೆ ಜ್ವರ, ಬರಲಿಲ್ಲ. ಅಚ್ಚುಗಳ ಕೋಣೆಗೆ ಹೋದರೆ ಮೇಸ್ತ್ರಿ ಮೂಲೆ ಕಪಾಟಿನವುಗಳನ್ನು ನೆಲಕ್ಕಿಳಿಸಿ ವರ್ಷದ ಪ್ರಕಾರ ಸಾಲಾಗಿ ನಿಲ್ಲಿಸಿದ್ದರು. ಮೊದಲನೆಯದು ಚಿಕ್ಕದು, ಮುಂದಿನದು ಸ್ವಲ್ಪ ದೊಡ್ಡದು, ಹಾಗೇ ಬೆಳೆಯುತ್ತಾ ಹೋಗಿದೆ. ಎಲ್ಲ ಒಬ್ಬರದೇ ಎಂದರು ಮೇಸ್ತ್ರಿ. ನನ್ನ ಕೈ ಹಿಡಿದು ಒಂದೊಂದರ ಮಂಡಿಯ ಕೆಳಗೂ ಬೆರಳು ಓಡಿಸಿದರು. ಹೆಬ್ಬೆರಳು ಕೂರುವಷ್ಟು ಒಂದು ತಗ್ಗು, ಚಿಕ್ಕದರಲ್ಲೂ ಇದೆ, ದೊಡ್ಡದರಲ್ಲೂ ಇದೆ.

ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ನನ್ನ ಎಡಮಂಡಿ ಮುಟ್ಟಿ ನೋಡಿದೆ. ಸಣ್ಣವಳಿದ್ದಾಗ ಕಲ್ಲಿನ ಮೆಟ್ಟಿಲ ಮೇಲೆ ಬಿದ್ದು ಆದ ತಗ್ಗು ಅಲ್ಲೇ ಇದೆ. ಹೆಬ್ಬೆರಳು ಸರಿಯಾಗಿ ಕೂತಿತು.

ಗೊತ್ತಿರಲಿ ಎಂದು ಇಲ್ಲಿ ಬರೆದಿಡುತ್ತೇನೆ. ನನಗೆ ಎರಡೂ ಕಾಲುಗಳಿವೆ. ಈಗಲೂ ನೋಡಿಕೊಂಡೆ. ಎಡಪಾದದ ಹಿಮ್ಮಡಿ ಒಡೆದಿದೆ, ಬಕೆಟ್ಟು ಬಿದ್ದ ಹೆಬ್ಬೆರಳಿನ ಉಗುರು ಇನ್ನೂ ಕಪ್ಪಗಿದೆ. ಚಿವುಟಿದರೆ ನೋಯುತ್ತದೆ. ಸ್ವಲ್ಪ ತಡವಾಗಿ ನೋಯುತ್ತದೆ, ಆದರೆ ನೋಯುತ್ತದೆ.

ಜುಲೈ 5, ಶುಕ್ರವಾರ

ನನ್ನ ಸಾಲನ್ನು ಅಳಿಸಲು ಹೋದೆ. ಕಂಪ್ಯೂಟರ್ ಒಪ್ಪಲಿಲ್ಲ. ಈ ವ್ಯಕ್ತಿಗೆ ಸೇರಿದ ಅಚ್ಚುಗಳಿವೆ, ಅಳಿಸಲಾಗದು. ಅಚ್ಚುಗಳನ್ನು ಬಿಡಿಸಲು ಹೋದರೆ, ಮಾಲೀಕರಿಲ್ಲದೆ ಇರುವಂತಿಲ್ಲ. ಬೇರೆಯವರಿಗೆ ಬದಲಾಯಿಸಬಹುದು, ಅದು ಬರುತ್ತದೆ. ಹೆಸರುಗಳ ಪಟ್ಟಿ ತೆರೆದು ಕುಳಿತೆ. ಯಾರ ಕಡೆ ತಳ್ಳಲಿ? ನನ್ನ ಮಂಡಿಗೆ ಆದದ್ದು ಅವರ ಮಂಡಿಗೂ ಆದರೆ?

ಪಟ್ಟಿ ಮುಚ್ಚಿದೆ.

ಬಸ್ಸಿನಲ್ಲಿ ಒಬ್ಬ ಮುದುಕಿ ಎದ್ದು ಜಾಗ ಕೊಟ್ಟಳು. ಬೇಡವೆಂದರೂ ಕೇಳಲಿಲ್ಲ. ಎಡ ಚಪ್ಪಲಿ ಮಾತ್ರ ಹೊಸದರ ಹಾಗೆ ಉಳಿದಿದೆ.

ಜುಲೈ 9, ಮಂಗಳವಾರ

ಸರ್ ಬಂದರು. ಎಲ್ಲವನ್ನೂ ಹೇಳಿಬಿಡೋಣ ಎಂದುಕೊಂಡಿದ್ದೆ. ಹೇಳಿದ್ದರೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಸುಮ್ಮನೆ, ಒಂದು ತಪ್ಪು ಸಾಲು ಸೇರಿಸಿದ್ದೇನೆ, ಅದು ಇಲ್ಲವೇ ಇಲ್ಲ ಎನ್ನುವಂತೆ ಮಾಡಲು ಬರುತ್ತದೆಯೇ ಎಂದು ಕೇಳಿದೆ.

ಬರುತ್ತದಂತೆ. ಜೂನ್ 18ರ ಬ್ಯಾಕಪ್ ಇದೆ. ಅದನ್ನು ವಾಪಸ್ ಹಾಕಿದರೆ ಕಂಪ್ಯೂಟರ್ ಆ ದಿನಕ್ಕೆ ಹೋಗುತ್ತದೆ. ಆಮೇಲೆ ತುಂಬಿಸಿದ್ದು ಯಾವುದೂ ಇರುವುದಿಲ್ಲ. ಮೂರು ವಾರದ ಕೆಲಸ, ಕ್ವೆರಿ, ರಿಪೋರ್ಟು, ಎಲ್ಲ.

ಟ್ರಸ್ಟಿನವರು ಬರುವುದು ಗುರುವಾರ.

“ಗುರುವಾರ ಆದ್ಮೇಲೆ ವಾಪಸ್ ಹಾಕ್ಬಹುದಾ ಸರ್?” ಎಂದೆ.

“ಯಾವಾಗ ಬೇಕಾದ್ರೂ ಹಾಕ್ಬಹುದು ಮೇಡಂ. ಬ್ಯಾಕಪ್ ಎಲ್ಲಿಗೂ ಓಡಿಹೋಗಲ್ಲ.”

ಹಾಗಿದ್ದರೆ ಸರಿ. ಎರಡೇ ದಿನ. ಕಾಯಂ ಆದೇಶ ಕೈಗೆ ಬರಲಿ, ಆಮೇಲೆ ವಾಪಸ್ ಹಾಕಿ, ಹಗಲೂ ರಾತ್ರಿ ಕೂತು ಮತ್ತೆ ತುಂಬಿಸುತ್ತೇನೆ. ಆ ಕಪಾಟೊಂದನ್ನು ಬಿಟ್ಟು.

ಜುಲೈ 10, ಬುಧವಾರ

ಮೆಟ್ಟಿಲ ಪಕ್ಕ ಹಿಡಿದುಕೊಳ್ಳಲು ಕಂಬಿ ಇರುವುದನ್ನು ಇವತ್ತು ಗಮನಿಸಿದೆ. ಹಿಡಿದ ಜಾಗದಲ್ಲಿ ಬಣ್ಣ ಸವೆದು ಹೊಳೆಯುತ್ತಿದೆ. ನನ್ನ ಕೈ ಸರಿಯಾಗಿ ಅಲ್ಲೇ ಬೀಳುತ್ತದೆ.

ಕಪ್ಪು ಉಗುರನ್ನು ಚಿವುಟಿದೆ. ನೋವು ಬರಲೆಂದು ಕಾದೆ.

ಜುಲೈ 11, ಗುರುವಾರ

ಟ್ರಸ್ಟಿನವರು ಮೂವರು ಬಂದಿದ್ದರು. ಕೇಳಿದ್ದನ್ನೆಲ್ಲ ತೆಗೆದು ತೋರಿಸಿದೆ. ಯಾವ ವಯಸ್ಸಿನವರು ಎಷ್ಟು, ಬಲ ಎಷ್ಟು, ಎಡ ಎಷ್ಟು. ಮೌಸು ಒಮ್ಮೆಯೂ ಜಾರಲಿಲ್ಲ, ನನಗೇ ಆಶ್ಚರ್ಯ.

ಅವರಲ್ಲಿ ಹಿರಿಯ ಹೆಂಗಸೊಬ್ಬರು ಪಟ್ಟಿಯಲ್ಲಿ ಒಂದು ಹೆಸರಿನ ಮೇಲೆ ಬೆರಳಿಟ್ಟು, ಇಷ್ಟು ಅಚ್ಚುಗಳಾ, ಯಾರಿದು ಎಂದು ಕೇಳಿದರು. ಮೇಡಂ ನನ್ನ ಭುಜದ ಮೇಲೆ ಕೈಯಿಟ್ಟರು.

“ಇವಳೇ. ಚಿಕ್ಕ ಹುಡುಗಿ ಆಗಿದ್ದಾಗಿಂದ ನಮ್ಮ ಕಾಲಲ್ಲೇ ನಡೀತಿದಾಳೆ.”

ಹಿರಿಯರ ಕಣ್ಣಲ್ಲಿ ನೀರು ಬಂತು. ಕಾಲು ಹಾಕಿಕೊಂಡವರೇ ಕಾಲಿನ ಲೆಕ್ಕ ನೋಡಿಕೊಳ್ಳುತ್ತಿದ್ದಾರೆಂದರೆ ಇದಕ್ಕಿಂತ ಇನ್ನೇನು ಬೇಕು ಎಂದರು. ಇಂಥವರನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವುದೇ ತಪ್ಪು ಎಂದೂ ಸೇರಿಸಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೇಸ್ತ್ರಿ ಬಾಗಿಲಲ್ಲಿ ನಿಂತು ತಲೆಯಾಡಿಸುತ್ತಿದ್ದರು. ಮರೆತ ಮುಖವೊಂದು ಕೊನೆಗೂ ನೆನಪಿಗೆ ಬಂದವರ ಹಾಗೆ.

ಇಲ್ಲ, ನನ್ನ ಎರಡೂ ಕಾಲು ಸರಿಯಿವೆ, ಹೆಸರು ಸುಮ್ಮನೆ ಹಾಕಿದ್ದು ಎನ್ನಲು ಬಾಯಿ ತೆರೆದೆ. ಹೇಳಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಒಂದು ಮಾತಲ್ಲವೇ, ನಾಳೆ ಹೇಳಿದರೂ ಆಗುತ್ತದೆ.

“ಹೌದು” ಎಂದೆ.

ಆಗ ಎಡಗಾಲಿನ ಜೋಮು ಇದ್ದಕ್ಕಿದ್ದಂತೆ ನಿಂತುಹೋಯಿತು. ಭಾರವೂ ಇಲ್ಲ. ಎಷ್ಟು ಹಾಯೆನಿಸಿತೆಂದರೆ ಕಣ್ಣು ಮುಚ್ಚಿಕೊಂಡೆ.

ಜುಲೈ 15, ಸೋಮವಾರ

ಆದೇಶ ಬಂತು. ಕಾಯಂ. ಭಾವ ಎದ್ದು ಬಂದು ಕೈ ಕುಲುಕಿದರು. ಅಕ್ಕ ಅತ್ತಳು. ಅಮ್ಮ ಇದ್ದಿದ್ದರೆ ಎಂದಳು. ನನ್ನ ಕಾಲು ಹೋದ ವರ್ಷ ಅಮ್ಮ ಹಾಸಿಗೆ ಹಿಡಿಯಲಿಲ್ಲ, ನಾನು ಹಿಡಿದಿದ್ದೆ. ಅವಳು ನನ್ನ ಪಕ್ಕದಲ್ಲಿ ಕೂತು ಪಾಠ ಓದಿ ಹೇಳುತ್ತಿದ್ದಳು. ಶಾಲೆ ತಪ್ಪಿದರೂ ಅದೊಂದು ಸುಖವಿತ್ತು.

ಬಾಡಿಗೆಗೆ ಕೋಣೆ ನೋಡಿಕೊಂಡು ಬಂದೆವು. ಮೆಟ್ಟಿಲು ಹತ್ತದ ಹಾಗೆ ಕೆಳಗಿನ ಅಂತಸ್ತಿನದೇ ಆಗಬೇಕು ಎಂದು ಅಕ್ಕನ ಹಟ. ಅದೂ ಸಿಕ್ಕಿತು. ಬೀಗ ಗಟ್ಟಿಯಾಗಿದೆ.

ಹಳೆಯ ಕಾಲು ಸಡಿಲವಾಗಿದೆ ಎಂದು ಮೇಸ್ತ್ರಿ ಹೊಸ ಅಚ್ಚು ತೆಗೆದರು. ಒದ್ದೆ ಪಟ್ಟಿ ಮೊದಲು ತಣ್ಣಗಿರುತ್ತದೆ, ಆಮೇಲೆ ತಾನಾಗಿ ಬಿಸಿಯೇರುತ್ತದೆ. ಅದು ಯಾವಾಗಲೂ ಹಾಗೇ. ಅಲುಗಾಡದೆ ಕೂರುವುದು ನಿನ್ನಷ್ಟು ಯಾರಿಗೂ ಬರುವುದಿಲ್ಲ ಎಂದು ಮೇಸ್ತ್ರಿ ಹೊಗಳಿದರು. ಅಭ್ಯಾಸ ಎಂದೆ.

ಜುಲೈ 16, ಮಂಗಳವಾರ

ಇವತ್ತು ಡೇಟಾಬೇಸನ್ನು ಚೊಕ್ಕಟ ಮಾಡುವ ಪಾಠ. ಬೇಡದ ಕಡತಗಳನ್ನು ತೆಗೆಯುವುದು, ಜಾಗ ಬಿಡಿಸುವುದು. ಕೆಲಸ ನಾನೇ ಮಾಡಿದೆ, ಸರ್ ಪಕ್ಕದಲ್ಲಿ ಚಹಾ ಕುಡಿಯುತ್ತಾ ಕೂತಿದ್ದರು. ಒಂದು ಕಡತದ ಹತ್ತಿರ ಬಂದಾಗ ಲೋಟ ಕೆಳಗಿಟ್ಟರು.

“ಇದು ಜೂನ್ ಹದಿನೆಂಟರ ಬ್ಯಾಕಪ್. ಗುರುವಾರ ಆದ್ಮೇಲೆ ವಾಪಸ್ ಹಾಕ್ತೀನಿ ಅಂದಿದ್ರಲ್ಲ ಮೇಡಂ?”

ಯಾಕೆ ಅಂದಿದ್ದೆನೋ ನೆನಪಾಗಲಿಲ್ಲ. ಅದರಲ್ಲಿ ಏನಿದೆ ಎಂದು ಕೇಳಿದೆ. ಸರ್ ತೆರೆದು ತೋರಿಸಿದರು. ಹೆಚ್ಚು ಕಡಿಮೆ ಇವತ್ತಿನದರ ಹಾಗೇ ಇತ್ತು, ನಾಲ್ಕು ವಾರ ಹಳೆಯದು. ಮೂಲೆ ಕಪಾಟಿನ ಅಚ್ಚುಗಳಿರಲಿಲ್ಲ. ಜನರ ಟೇಬಲಿನಲ್ಲಿ ಒಬ್ಬರ ಸಾಲು ಕಡಿಮೆಯಿತ್ತು.

“ಯಾರ ಸಾಲು ಸರ್?”

“ನಿಮ್ದೇ.”

ಆ ಟೇಬಲನ್ನು ಮೇಲಿನಿಂದ ಕೆಳಗೆ ನೋಡಿದೆ. ಎಲ್ಲರೂ ಇದ್ದಾರೆ, ನಾನೊಬ್ಬಳಿಲ್ಲ. ಅದನ್ನು ವಾಪಸ್ ಹಾಕಿದರೆ ಇಷ್ಟು ವರ್ಷ ನಾನು ನಡೆದದ್ದೆಲ್ಲ ಎಲ್ಲಿಗೆ ಹೋಗಬೇಕು? ನಾನಿಲ್ಲದ್ದನ್ನು ಇಟ್ಟುಕೊಂಡು ಏನು ಮಾಡಲಿ ಎಂದು ಸರ್‌ಗೆ ಹೇಳಿದೆ. ಅವರಿಗೆ ನಗು ಬಂತು. ಅಳಿಸಿದೆ.

ಸಂಜೆಯವರೆಗೆ ಕೆಲಸವಿತ್ತು. ಪಟ್ಟಿ ಸಡಿಲಿಸಿ ಕಾಲನ್ನು ಬಿಚ್ಚಿ ಮೇಜಿಗೆ ಒರಗಿಸಿಟ್ಟು, ನೆಮ್ಮದಿಯಾಗಿ ಕುಳಿತೆ.